ಪೌಚಿನ ಘಮ ಬೇರೆ, ಬಾಯಿಯ ರುಚಿ ಬೇರೆ: ಹಗುರ ಪೈಪ್ ತಂಬಾಕು ಆರಿಸುವುದು ಹೇಗೆ?

ಪೈಪ್ ತಂಬಾಕಿನ ಪೌಚು ಬಿಚ್ಚಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಮೂಗನ್ನು ಒಳಗೆ ತೂರಿಸಿ ಜೋರಾಗಿ ಉಸಿರೆಳೆಯುವುದು. ವೆನಿಲ್ಲಾ, ಚೆರ್ರಿ, ಕೋಕೋ, ಜೇನು, ಏನೋ ಒಂದು ಘಮ್ಮೆನ್ನುತ್ತದೆ. ಇದೇ ಸರಿ ಅಂತ ಮನಸ್ಸು ಅಲ್ಲೇ ತೀರ್ಪು ಕೊಟ್ಟುಬಿಡುತ್ತದೆ.

ನಾನೂ ಒಮ್ಮೆ ಹೀಗೇ ಒಂದು ಚೆರ್ರಿ ಪೌಚಿಗೆ ಮರುಳಾಗಿದ್ದೆ. ಮನೆಗೆ ತಂದು, ಇದ್ದದ್ದರಲ್ಲಿ ಒಳ್ಳೆಯ ಬ್ರಯರ್ ಮರದ ಪೈಪಿಗೆ ತುಂಬಿ ಹಚ್ಚಿದೆ. ಹತ್ತು ನಿಮಿಷದಲ್ಲಿ ನಾಲಿಗೆಯ ತುದಿ ಉರಿಯತೊಡಗಿತು. ಬಾಯಲ್ಲಿ ಚೆರ್ರಿಯೂ ಇಲ್ಲ, ತಂಬಾಕೂ ಇಲ್ಲ. ಬಿಸಿ ಸಕ್ಕರೆನೀರಿನ ಆವಿ ಕುಡಿದ ಹಾಗಿತ್ತು. ಪೈಪಿನ ಬುಡದಲ್ಲಿ ಗೊಳಗೊಳ ಸದ್ದು ಬೇರೆ. ತಮಾಷೆ ಅಂದರೆ, ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ ಬಂದವರು "ಏನಿದು, ಇಷ್ಟು ಘಮಘಮ ಅಂತಿದೆ?" ಅಂದರು. ಚೆರ್ರಿ ಪೂರ್ತಿ ಅವರ ಪಾಲಾಗಿತ್ತು. ಉರಿ ಮಾತ್ರ ನನ್ನ ಪಾಲು.

ಪರಿಮಳದ ತಂಬಾಕಿನ ಗುಟ್ಟು ಇಷ್ಟೇ. ಅದಕ್ಕೆ ಮೂರು ವಾಸನೆ ಇರುತ್ತವೆ. ಪೌಚಿನಲ್ಲಿ ಬರುವುದು ಒಂದು, ಸೇದುವವನ ಬಾಯಿಗೆ ಸಿಗುವುದು ಇನ್ನೊಂದು, ಪಕ್ಕದಲ್ಲಿ ಕೂತವರ ಮೂಗಿಗೆ ಹೋಗುವುದು ಮತ್ತೊಂದು. ಮೂರೂ ಒಂದೇ ಆಗಿರುವುದು ಅಪರೂಪ. ಹಾಗಾಗಿ ಡಬ್ಬಿಯ ಮೇಲೆ ಬರೆದ ಸುವಾಸನೆಯ ಹೆಸರು ನೋಡಿ ಆರಿಸಬೇಡಿ. ಅದರ ಕೆಳಗೆ ಯಾವ ಎಲೆ ಇದೆ ಅಂತ ನೋಡಿ ಆರಿಸಿ. ಈ ಬರಹ ಪೂರ್ತಿ ಆ ಎಲೆಗಳ ಹೋಲಿಕೆಯೇ.

ಹಗುರ ಅಂದರೆ ಏನು ಹಗುರ?

ಪೈಪ್ ಸೇದುವವರು "ಇದು ಹಗುರ" ಅನ್ನುವಾಗ ಮೂರು ಬೇರೆ ಬೇರೆ ಮಾತು ಹೇಳುತ್ತಿರಬಹುದು. ನಿಕೋಟಿನ್ ಕಡಿಮೆ, ತಲೆ ಸುತ್ತುವುದಿಲ್ಲ ಅನ್ನುವುದು ಒಂದು. ರುಚಿ ಮೃದು, ಘಾಟಿಲ್ಲ ಅನ್ನುವುದು ಎರಡನೆಯದು. ನಾಲಿಗೆ ಸುಡುವುದಿಲ್ಲ ಅನ್ನುವುದು ಮೂರನೆಯದು. ಈ ಮೂರೂ ಒಟ್ಟಿಗೆ ಬರಬೇಕು ಅಂತೇನಿಲ್ಲ. ನಿಕೋಟಿನ್ ತೀರಾ ಕಡಿಮೆ ಇರುವ ತಂಬಾಕೇ ನಾಲಿಗೆಯನ್ನು ಜಾಸ್ತಿ ಸುಡುವುದು ಎಷ್ಟೋ ಸಲ ನಡೆಯುತ್ತದೆ. ನನ್ನ ಚೆರ್ರಿ ಹಾಗೇ ಇತ್ತು. ಪೌಚಿನ ಮೇಲೆ "ಹಗುರ" ಅಂತ ಬರೆದದ್ದು ಸುಳ್ಳೇನಲ್ಲ. ಯಾವ ಅರ್ಥದಲ್ಲಿ ಹಗುರ ಅಂತ ಮಾತ್ರ ಬರೆದಿರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಗುರ ಅನ್ನುವುದು ರುಚಿಯ ಮಾತು, ಆರೋಗ್ಯದ ಮಾತಲ್ಲ. ಪೈಪ್ ಸೇದುವವರಲ್ಲಿ ತುಟಿ ಕ್ಯಾನ್ಸರ್ ಕಾಣುತ್ತದೆ ಅಂತ ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಥಾಮಸ್ ಸೋಮರಿಂಗ್ 1795ರಲ್ಲೇ ಬರೆದಿದ್ದ. ಅಮೆರಿಕದ ಸರ್ಜನ್ ಜನರಲ್ ವರದಿ 1964ರಲ್ಲಿ ಬಂದಾಗ ಆ ನಂಟನ್ನು ಒಪ್ಪಿಕೊಂಡಿತು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ, ಯಾವುದೂ ಇದರಿಂದ ಹೊರತಲ್ಲ. ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಲ್ಲೇ ಇಟ್ಟು ಬಿಟ್ಟರೂ ನಿಕೋಟಿನ್ ಮೈಗೆ ಸೇರುತ್ತದೆ. ಗಾಳಿಯಲ್ಲಿ ಒಣಗಿಸಿದ ಎಲೆಯ ಹೊಗೆ ಸ್ವಲ್ಪ ಕ್ಷಾರದ ಗುಣದ್ದು. ಅಂಥ ಹೊಗೆಯ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ವೆನಿಲ್ಲಾ ಘಮ ಬಂದ ಮಾತ್ರಕ್ಕೆ ಪಕ್ಕದವರು ಉಸಿರಾಡುವುದು ಹೊಗೆ ಅಲ್ಲ ಅಂತಲೂ ಆಗುವುದಿಲ್ಲ. ತಂಬಾಕು ಮುಟ್ಟದವರು ಈ ಬರಹ ಓದಿ ಶುರುಮಾಡುವಂಥದ್ದು ಏನೂ ಇಲ್ಲಿಲ್ಲ. ಈಗಾಗಲೇ ಸೇದುವವರಿಗೆ, ಪೌಚಿನ ಘಮಕ್ಕೆ ಮೋಸ ಹೋಗಬಾರದು ಅನ್ನುವವರಿಗೆ ಮುಂದಿನ ಮಾತು.

ಒಳಗೆ ಕುಡಿಸಿದ್ದು, ಮೇಲೆ ಚಿಮುಕಿಸಿದ್ದು

ಎಲೆಗೆ ಸುವಾಸನೆ ಸೇರುವುದು ಎರಡು ಹಂತದಲ್ಲಿ. ಮೊದಲನೆಯದಕ್ಕೆ ಕೇಸಿಂಗ್ ಅನ್ನುತ್ತಾರೆ. ಎಲೆ ಇನ್ನೂ ಹೆಚ್ಚಲು ಹೋಗುವ ಮೊದಲೇ ಅದಕ್ಕೆ ಸಕ್ಕರೆ, ಜೇಷ್ಠಮಧು, ಕೋಕೋ ಹಾಕಿದ ಪಾಕವನ್ನು ಕುಡಿಸುತ್ತಾರೆ. ಇದು ಎಲೆಯ ಒಗರು ತೆಗೆದು ಒರಟನ್ನು ಸವರುತ್ತದೆ. ಒಳ್ಳೆಯ ಕೇಸಿಂಗ್ ಇದೆ ಅಂತ ಗೊತ್ತೇ ಆಗಬಾರದು. ತಂಬಾಕು ಯಾಕೋ ದುಂಡಗಿದೆ, ಚುಚ್ಚುವುದಿಲ್ಲ ಅಂತ ಮಾತ್ರ ಅನಿಸಬೇಕು.

ಎರಡನೆಯದು ಟಾಪಿಂಗ್. ಎಲೆ ಹೆಚ್ಚಿ ಒಣಗಿಸಿ ಆದಮೇಲೆ, ಕಟ್ಟಕಡೆಗೆ ಚಿಮುಕಿಸುವ ವೆನಿಲ್ಲಾ, ಚೆರ್ರಿ, ರಮ್ ಇತ್ಯಾದಿ. ಪೌಚು ಬಿಚ್ಚಿದಾಗ ಮೂಗಿಗೆ ಹೊಡೆಯುವುದು ಇದೇ. ಇದು ಬೇಗ ಆವಿಯಾಗುವ ಸರಕು. ಬೆಂಕಿಯ ಬಿಸಿ ತಾಗಿದ್ದೇ ಹಾರಿ ಕೋಣೆಗೆ ಸೇರುತ್ತದೆ. ಬಾಯಿಗೆ ಬರುವ ಪಾಲು ಸಣ್ಣದು. ಆ ಸಣ್ಣ ಪಾಲಿಗೂ ಸೇದುವವನ ಮೂಗು ಸ್ವಲ್ಪ ಹೊತ್ತಿನಲ್ಲಿ ಒಗ್ಗಿಹೋಗಿ ಗುರುತಿಸುವುದನ್ನೇ ಬಿಟ್ಟುಬಿಡುತ್ತದೆ. ಹೊರಗಿನಿಂದ ಬಂದವರ ಮೂಗಿಗೆ ಮಾತ್ರ ಅದು ಹೊಸದು. ಅದಕ್ಕೇ ಹೊಗಳಿಕೆ ಯಾವಾಗಲೂ ಪಕ್ಕದವರಿಂದ ಬರುತ್ತದೆ.

ಇದನ್ನು ನೀವೇ ನೋಡಬಹುದು. ಒಂದು ಚಿಟಿಕೆ ತಂಬಾಕನ್ನು ಬಿಳಿ ಕಾಗದದ ಮೇಲೆ ಹರಡಿ ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಗ್ಗೆ ಅದನ್ನು ಅಂಗೈಯಲ್ಲಿ ಹಿಡಿದು, ಬಾಯಿಂದ ಒಮ್ಮೆ ಬಿಸಿಯುಸಿರು ಊದಿ ಮೂಸಿ. ರಾತ್ರಿಯ ಅಬ್ಬರ ಹೋಗಿರುತ್ತದೆ. ಉಳಿದಿರುವುದು ಒಣಹುಲ್ಲಿನ ಕಂಪೋ, ಹುರಿದ ಬೀಜದ ಕಂಪೋ, ಅಥವಾ ಏನೂ ಇಲ್ಲವೋ? ಪೈಪಿನ ಅರ್ಧ ದಾಟಿದ ಮೇಲೆ ನೀವು ಸೇದುವುದು ಅದನ್ನೇ. ನನಗೆ ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಿಲ್ಲ.

ಕಪ್ಪು ಕ್ಯಾವೆಂಡಿಶ್: ಮನೆಮಂದಿ ಮೆಚ್ಚುವ ತಂಬಾಕು

ಹಗುರ ಪರಿಮಳದ ತಂಬಾಕು ಅಂದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ಇದೇ. ಕ್ಯಾವೆಂಡಿಶ್ ಅನ್ನುವುದು ಎಲೆಯ ಜಾತಿ ಅಲ್ಲ, ಎಲೆಗೆ ಮಾಡುವ ಪಾಕಶಾಸ್ತ್ರ. ವರ್ಜೀನಿಯಾ ಅಥವಾ ಬರ್ಲಿ ಅನ್ನುವ ಬಗೆಯ ತಂಬಾಕಿನ ಎಲೆಗೆ (ಎರಡರ ಮಾತೂ ಮುಂದೆ ಬರುತ್ತದೆ) ಸಿಹಿ ಕುಡಿಸಿ, ಆವಿ ಕೊಟ್ಟು, ಒತ್ತಿ ಇಡುತ್ತಾರೆ. ಆವಿ ಜಾಸ್ತಿ ಕೊಟ್ಟಷ್ಟೂ ಎಲೆ ಕಪ್ಪಾಗುತ್ತದೆ. ಹೆಸರಿಗೆ ಕಾರಣ 16ನೇ ಶತಮಾನದ ಇಂಗ್ಲಿಷ್ ನಾವಿಕ ಥಾಮಸ್ ಕ್ಯಾವೆಂಡಿಶ್ ಅಂತ ಕಥೆ ಹೇಳುತ್ತಾರೆ. ಹಡಗಿನಲ್ಲಿ ತಂಬಾಕನ್ನು ಸಕ್ಕರೆಪಾಕದಲ್ಲಿ ಅದ್ದಿ ಇಟ್ಟನಂತೆ. ಕಥೆ ಚೆನ್ನಾಗಿದೆ, ಅಷ್ಟೇ.

ಕ್ಯಾಪ್ಟನ್ ಬ್ಲ್ಯಾಕ್‌ನ ಬಿಳಿ ಪೌಚು, ಲೇನ್ ಕಂಪನಿಯ 1-ಕ್ಯೂ, ಇವು ಈ ಬಗೆಯ ತಂಬಾಕಿಗೆ ಎಲ್ಲರೂ ಕೊಡುವ ಉದಾಹರಣೆ. ಕಪ್ಪು, ಕಂದು ಎಳೆಗಳು ಬೆರೆತಿರುತ್ತವೆ. ಮೂಸಿದರೆ ವೆನಿಲ್ಲಾ, ಅದರ ಹಿಂದೆ ಕಾಯಿಸಿ ಕೆಂಪಾದ ಸಕ್ಕರೆ. ಬೆರಳಲ್ಲಿ ಹಿಡಿದರೆ ಮೆತ್ತಗೆ, ಸ್ವಲ್ಪ ಅಂಟಂಟು. ಹೊಗೆ ದಪ್ಪ, ನುಣುಪು. ಬಾಯಿ ತುಂಬಿದ ಹಾಗೆ ಅನಿಸುತ್ತದೆ, ಆದರೆ ರುಚಿ ಬಹಳ ಇರುವುದಿಲ್ಲ. ಯಾಕೆಂದರೆ ಅಷ್ಟು ಹೊತ್ತು ಆವಿಯಲ್ಲಿ ಬೆಂದಾಗ ಎಲೆಯ ಘಾಟಿನ ಜೊತೆ ಅದರ ಸ್ವಂತ ಗುಣವೂ ಹೋಗಿಬಿಡುತ್ತದೆ. ನಿಕೋಟಿನ್ ಕೂಡ ಕಡಿಮೆ. ಸೇದುವವನಿಗೆ ಸಿಗುವುದು ಸಿಹಿಯ ಒಂದು ನೆರಳು. ಕೋಣೆಯಲ್ಲಿ ಕೂತವರಿಗೆ ಬೇಕರಿಯ ಬಾಗಿಲು ತೆರೆದ ಹಾಗೆ.

ತೊಂದರೆ ಇರುವುದು ತೇವದಲ್ಲಿ. ಪೌಚಿನಲ್ಲಿ ಒಣಗಬಾರದು ಅಂತ ಇಂಥ ತಂಬಾಕಿಗೆ ಪ್ರೊಪಿಲೀನ್ ಗ್ಲೈಕಾಲ್ ಸೇರಿಸುವುದುಂಟು. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುಮ್ಮನೆ ಗಾಳಿಗೆ ಇಟ್ಟರೂ ಬಿಡುವುದಿಲ್ಲ. ಹೊಸಬರು ಪೌಚಿನಿಂದ ತೆಗೆದದ್ದನ್ನು ಹಾಗೇ ತುಂಬುತ್ತಾರೆ. ಆರಿಹೋಗುತ್ತದೆ. ಮತ್ತೆ ಹಚ್ಚುತ್ತಾರೆ, ಜೋರಾಗಿ ಎಳೆಯುತ್ತಾರೆ. ಒಳಗಿನ ನೀರು ಆವಿಯಾಗಿ ನೇರ ನಾಲಿಗೆಗೆ ಹೊಡೆಯುತ್ತದೆ. ತಂಬಾಕು ಕಚ್ಚಿತು ಅಂತ ದೂರುತ್ತಾರೆ. ಕಚ್ಚಿದ್ದು ಬಹುತೇಕ ಆವಿ.

ಹದ ನೋಡುವುದು ಹೀಗೆ. ಒಂದು ಚಿಟಿಕೆ ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಗಟ್ಟಿಯಾಗಿ ಒತ್ತಿ. ಬಿಟ್ಟಾಗ ಉಂಡೆಯಾಗಿ ಅಂಟಿಕೊಂಡಿದ್ದರೆ ಇನ್ನೂ ಹಸಿ. ಮೆಲ್ಲಗೆ ಬಿಚ್ಚಿಕೊಂಡು ಮೊದಲಿನ ಹಾಗಾದರೆ ಹದ ಸರಿ. ಚಟಚಟ ಮುರಿದು ಪುಡಿಯಾದರೆ ಅತಿಯಾಯಿತು. ಕಪ್ಪು ಕ್ಯಾವೆಂಡಿಶ್‌ಗೆ ನಾನು ಕಮ್ಮಿ ಅಂದರೂ ಒಂದು ಗಂಟೆ ಕೊಡುತ್ತೇನೆ. ತೀರಾ ಹಸಿ ಇದ್ದರೆ ಅರ್ಧ ದಿನ. ಟಾಪಿಂಗ್ ಸ್ವಲ್ಪ ಹಾರಿಹೋಗುತ್ತದೆ, ಹೋಗಲಿ.

ವರ್ಜೀನಿಯಾ ಬುಡದ ಪರಿಮಳ: ಸಿಹಿ ಎಲೆಯದೇ

1839ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ಒಂದು ತೋಟದಲ್ಲಿ ಸ್ಟೀಫನ್ ಅನ್ನುವ ಗುಲಾಮ ತಂಬಾಕು ಒಣಗಿಸುವ ಮನೆಯ ಬೆಂಕಿ ಕಾಯುತ್ತಿದ್ದ. ಜೊಂಪು ಹತ್ತಿತು, ಬೆಂಕಿ ಆರುವ ಹಾಗಾಯಿತು. ಎಚ್ಚರವಾದವನು ಗಾಬರಿಯಲ್ಲಿ ಕಮ್ಮಾರಸಾಲೆಯ ಇದ್ದಿಲು ತಂದು ಸುರಿದ. ತಟ್ಟನೆ ಏರಿದ ಒಣಬಿಸಿಗೆ ಎಲೆ ಹೊಳೆಯುವ ಹಳದಿಯಾಯಿತು. ಆಮೇಲೆ ಬಿಸಿಯನ್ನು ಕೊಳವೆಗಳ ಮೂಲಕ ಹಾಯಿಸಿ, ಹೊಗೆ ಎಲೆಗೆ ತಾಗದ ಹಾಗೆ ಒಣಗಿಸುವ ಪದ್ಧತಿ ಬೆಳೆಯಿತು. ಇದರ ಲಾಭ ಏನೆಂದರೆ, ಎಲೆ ಹಳದಿಯಾಗುವಾಗ ಅದರ ಪಿಷ್ಟ ಸಕ್ಕರೆಯಾಗಿರುತ್ತದೆ. ಅದು ಕರಗಿಹೋಗುವ ಮೊದಲೇ ಬಿಸಿ ತಾಗಿಸಿ ಒಣಗಿಸಿದರೆ ಸಕ್ಕರೆ ಅಲ್ಲೇ ಉಳಿಯುತ್ತದೆ. ಹೀಗೆ ಒಣಗಿಸಿದ ವರ್ಜೀನಿಯಾದಲ್ಲಿ ಸಕ್ಕರೆಯೇ ನೂರಕ್ಕೆ 15ರಿಂದ 20 ಪಾಲು ಇರಬಹುದು.

ಅಂದರೆ ಈ ಎಲೆಗೆ ಹೊರಗಿನ ಸಿಹಿ ಅಷ್ಟಾಗಿ ಬೇಕಾಗುವುದಿಲ್ಲ. ಡೆನ್ಮಾರ್ಕಿನ ತಯಾರಕರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು. ಅಲ್ಲಿನ ಸ್ವೆಂಡ್‌ಬೋರ್ಗ್ ಊರಿನ ಮ್ಯಾಕ್ ಬ್ಯಾರೆನ್ 1958ರಲ್ಲಿ ತಂದ ಮಿಕ್ಸ್ಚರ್ ಈ ದಾರಿಯದ್ದು. ಹೊಂಬಣ್ಣ, ಕಂದು, ಅಲ್ಲೊಂದು ಇಲ್ಲೊಂದು ಕಪ್ಪು ಎಳೆ. ಪೌಚಿನ ಘಮ ಮೆಲ್ಲಗೆ, ಜೇನು ಸವರಿದ ಹಾಗೆ. ಸೇದಿದರೆ ಮೊದಲು ಒಣಹುಲ್ಲು, ಸ್ವಲ್ಪ ನಿಂಬೆಸಿಪ್ಪೆ, ಆಮೇಲೆ ಬ್ರೆಡ್ಡಿನ ಅಂಚಿನ ರುಚಿ. ಪೈಪಿನ ಕೆಳಭಾಗಕ್ಕೆ ಬಂದಾಗ ಸಿಹಿ ಗಟ್ಟಿಯಾಗಿ ಒಣದ್ರಾಕ್ಷಿಯ ಕಡೆ ಹೊರಳುತ್ತದೆ. ಕಪ್ಪು ಕ್ಯಾವೆಂಡಿಶ್‌ನಲ್ಲಿ ಇದು ಉಲ್ಟಾ. ಅಲ್ಲಿ ಮೇಲಿನ ಅರ್ಧ ಚೆನ್ನ, ಕೆಳಗಿನ ಅರ್ಧ ಬರೀ ಬಿಸಿ. ಇಲ್ಲಿ ಕೆಳಗಿಳಿದಷ್ಟೂ ಚೆನ್ನ.

ಆದರೆ ತಾಳ್ಮೆ ಬೇಕು. ಸಕ್ಕರೆ ಜಾಸ್ತಿ ಇರುವ ಎಲೆ ಬಿಸಿಯೇರಿದರೆ ನಾಲಿಗೆಯ ಮೇಲೆ ಸೂಜಿ ಆಡಿಸಿದ ಹಾಗಾಗುತ್ತದೆ. ಹೊಗೆ ಕಾಣುತ್ತದೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಎಳೆಯಬೇಕು. ಪೈಪಿನ ಹೊರಮೈಯನ್ನು ಕೆನ್ನೆಗೆ ತಾಗಿಸಿ ನೋಡಿ. ಬೆಚ್ಚಗಿದ್ದರೆ ಸರಿ. ತಾಗಿಸಿ ಇಟ್ಟುಕೊಳ್ಳಲು ಆಗದಷ್ಟು ಸುಡುತ್ತಿದ್ದರೆ ಕೆಳಗಿಟ್ಟು ಐದು ನಿಮಿಷ ಬೇರೆ ಕೆಲಸ ನೋಡಿ. ದಡಬಡ ಸೇದುವ ಅಭ್ಯಾಸ ಇರುವವರಿಗೆ, ವಿಶೇಷವಾಗಿ ಸಿಗರೇಟಿನಿಂದ ಬಂದವರಿಗೆ, ಇದನ್ನು ಮೊದಲ ತಂಬಾಕಾಗಿ ನಾನು ಹೇಳುವುದಿಲ್ಲ.

ಬರ್ಲಿ: ಘಮವಿಲ್ಲದ ಸ್ನೇಹಿತ

ನನ್ನ ಒಲವು ಇದರ ಕಡೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಹೋಲಿಕೆಯಲ್ಲಿ ತಕ್ಕಡಿ ಎಲ್ಲಿ ವಾಲಿತು ಅಂತ ಓದುವವರಿಗೆ ಗೊತ್ತಿರಬೇಕು, ಅಲ್ವಾ.

ಬಿಳಿ ಬರ್ಲಿ 1864ರಲ್ಲಿ ಅಮೆರಿಕದ ಒಹಾಯೊದಲ್ಲಿ ಕಾಣಿಸಿಕೊಂಡ ತಳಿ. ಇದನ್ನು ಬಿಸಿ ಕೊಡದೆ, ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಅಷ್ಟು ನಿಧಾನಕ್ಕೆ ಒಣಗುವಾಗ ಎಲೆ ತನ್ನ ಸಕ್ಕರೆಯನ್ನೆಲ್ಲ ತಾನೇ ತಿಂದು ಮುಗಿಸುತ್ತದೆ. ಉಳಿಯುವುದು ಹುರಿದ ಬೀಜ, ಕೋಕೋ, ಒಣಮರದ ರುಚಿ. ಎಲೆಯ ಒಳಗೆ ಸಣ್ಣ ಸಣ್ಣ ಖಾಲಿ ಜಾಗ ಜಾಸ್ತಿ. ಹಾಗಾಗಿ ಸ್ಪಂಜಿನ ಹಾಗೆ ಪಾಕವನ್ನು ಹೀರಿಕೊಳ್ಳುತ್ತದೆ. ಆ ಪಾಕ ಟಾಪಿಂಗ್‌ನ ಹಾಗೆ ಮೇಲೆ ನಿಲ್ಲುವುದಿಲ್ಲ, ಎಲೆಯ ಒಳಗೇ ಕೂರುತ್ತದೆ. ಪೈಪಿನ ಕೊನೆಯವರೆಗೂ ಸ್ವಲ್ಪ ಸ್ವಲ್ಪ ಬರುತ್ತಿರುತ್ತದೆ.

1907ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ತಂದ ಪ್ರಿನ್ಸ್ ಆಲ್ಬರ್ಟ್ ಈ ಜಾತಿಯ ಹಳೆಯ ತಲೆ. ಕಾರ್ಟರ್ ಹಾಲ್ ಅದೇ ಬೀದಿಯ ಇನ್ನೊಂದು ಮನೆ ಅನ್ನಿ. ಪೌಚು ಬಿಚ್ಚಿದರೆ ನಿರಾಸೆಯೇ. ಚಾಕೊಲೇಟಿನ ಖಾಲಿ ಡಬ್ಬಿ ಮೂಸಿದ ಹಾಗೆ ಏನೋ ಸಣ್ಣಗೆ ಇದೆ, ಅಷ್ಟೆ. ತುಂಡುತುಂಡಾಗಿ ಕತ್ತರಿಸಿದ, ಒಣಒಣ ತಂಬಾಕು. ಕಪ್ಪು ಕ್ಯಾವೆಂಡಿಶ್ ಪಕ್ಕದಲ್ಲಿ ಇಟ್ಟು ಮೂಗಿನಿಂದ ಆರಿಸಿ ಅಂದರೆ ಹತ್ತು ಜನರಲ್ಲಿ ಒಬ್ಬರೂ ಇದನ್ನು ಮುಟ್ಟಲಿಕ್ಕಿಲ್ಲ.

ಆದರೆ ಹಚ್ಚಿ ನೋಡಿ. ಎರಡು ಕಡ್ಡಿಯಲ್ಲಿ ಹತ್ತಿಕೊಳ್ಳುತ್ತದೆ, ಮತ್ತೆ ಆರುವುದು ಕಡಿಮೆ. ಪೈಪು ಗೊಳಗೊಳ ಅನ್ನುವುದಿಲ್ಲ. ಸ್ವಲ್ಪ ಜೋರಾಗಿ ಎಳೆದರೂ ಒಂದು ಮಟ್ಟಿಗೆ ಸಹಿಸಿಕೊಳ್ಳುತ್ತದೆ. ರುಚಿ ದೊಡ್ಡದಲ್ಲ, ಆದರೆ ಮೊದಲಿನಿಂದ ಕೊನೆವರೆಗೂ ಒಂದೇ ಸಮ. ಓದುತ್ತಲೋ ಬರೆಯುತ್ತಲೋ ಕೂತವರಿಗೆ ಇದಕ್ಕಿಂತ ಹೊಂದುವುದು ಬೇರೆ ಇಲ್ಲ, ಯಾಕೆಂದರೆ ಅದು ನಿಮ್ಮ ಗಮನವನ್ನು ಕೇಳುವುದೇ ಇಲ್ಲ.

ಒಂದು ಎಚ್ಚರಿಕೆ ಇದೆ. ಬರ್ಲಿಯ ರುಚಿ ಹಗುರ ಇರಬಹುದು, ನಿಕೋಟಿನ್ ಅಷ್ಟು ಹಗುರ ಅಲ್ಲ. ಕಪ್ಪು ಕ್ಯಾವೆಂಡಿಶ್‌ಗಿಂತ ಜಾಸ್ತಿಯೇ. ಖಾಲಿ ಹೊಟ್ಟೆಯಲ್ಲಿ ದೊಡ್ಡ ಪೈಪು ತುಂಬಿ ಕೂತರೆ ಹಣೆಯಲ್ಲಿ ಬೆವರು, ಹೊಟ್ಟೆಯಲ್ಲಿ ತೊಳೆಸಿದ ಹಾಗೆ ಆಗಬಹುದು. ಹಾಗಾದರೆ ಮರ್ಯಾದೆಯಾಗಿ ಕೆಳಗಿಟ್ಟು ಬಿಡುವುದೇ ಸರಿ.

ಹಣ್ಣು, ಮದ್ಯ, ಹೂವು

ಚೆರ್ರಿಯ ಘಮ ಅಂತ ನಾವು ಗುರುತಿಸುವುದು ಹೆಚ್ಚಾಗಿ ಬೆಂಜಾಲ್ಡಿಹೈಡ್ ಅನ್ನುವ ವಸ್ತುವಿನದ್ದು. ಕಹಿ ಬಾದಾಮಿಯ ವಾಸನೆಯೂ ಅದೇ. ಅದಕ್ಕೇ ಚೆರ್ರಿ ತಂಬಾಕು ಕೆಲವರಿಗೆ ಬಾದಾಮಿಯಾಗಿ, ಕೆಲವರಿಗೆ ಕೆಮ್ಮಿನ ಔಷಧಿಯಾಗಿ ಕಾಣುತ್ತದೆ. ಇದು ಕೋಣೆಯಲ್ಲಿ ಚೆನ್ನಾಗಿ ಹರಡುತ್ತದೆ, ಬಾಯಲ್ಲಿ ನಿಲ್ಲುವುದಿಲ್ಲ. ಬೇರೆ ಹಣ್ಣುಗಳ ಕಥೆಯೂ ಹೆಚ್ಚುಕಡಿಮೆ ಇಷ್ಟೇ.

ವಿಸ್ಕಿ, ಬರ್ಬನ್, ರಮ್ ಹೆಸರಿನವು ಸ್ವಲ್ಪ ವಾಸಿ. ಬೋರ್ಕಮ್ ರಿಫ್‌ನ ಬರ್ಬನ್ ಪೌಚು ಇದಕ್ಕೆ ಪರಿಚಿತ ಉದಾಹರಣೆ. ಕುಡಿದ ಹಾಗಾಗುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ. ಆಲ್ಕೋಹಾಲು ಎಂದೋ ಹಾರಿಹೋಗಿರುತ್ತದೆ. ಉಳಿಯುವುದು ಮರದ ಪೀಪಾಯಿಯ ಕಂಪು. ಓಕ್ ಮರ ಸ್ವತಃ ವೆನಿಲ್ಲಿನ್ ಕೊಡುತ್ತದೆ. ಹಾಗಾಗಿ ವಿಸ್ಕಿ ಪೌಚಿಗೂ ವೆನಿಲ್ಲಾ ಪೌಚಿಗೂ ಇರುವ ಅಂತರ ಹೆಸರಿನಷ್ಟು ದೊಡ್ಡದಲ್ಲ. ಎರಡನ್ನೂ ಒಟ್ಟಿಗೆ ಕೊಳ್ಳುವ ಮೊದಲು ಇದು ಗೊತ್ತಿದ್ದರೆ ಒಂದು ಪೌಚಿನ ಖರ್ಚು ಉಳಿಯುತ್ತದೆ.

ಹೂವಿನ ಕಡೆ ಹೋದರೆ ಬೇರೆಯೇ ಲೋಕ. ಇಂಗ್ಲೆಂಡಿನ ಕೆಂಡಲ್ ಊರಿನ ತಂಬಾಕುಗಳಲ್ಲಿ ಕೆಲವಕ್ಕೆ ಜೆರೇನಿಯಂ, ಗುಲಾಬಿ, ಟೊಂಕಾ ಬೀಜದ ಘಮ ಕೊಡುತ್ತಾರೆ. ಟೊಂಕಾ ಬೀಜದಲ್ಲಿರುವ ಕೌಮಾರಿನ್‌ಗೆ ಆಗಷ್ಟೇ ಕೊಯ್ದ ಹುಲ್ಲಿನ, ವೆನಿಲ್ಲಾದ ನಡುವಿನ ಕಂಪು. ಅಮೆರಿಕ 1954ರಲ್ಲೇ ಇದನ್ನು ಆಹಾರಕ್ಕೆ ಸೇರಿಸಬಾರದು ಅಂತ ನಿಷೇಧಿಸಿತು. ಸ್ಯಾಮ್ಯುಯೆಲ್ ಗಾವಿತ್ ಕಂಪನಿಯ 1792 ಫ್ಲೇಕ್ ಟೊಂಕಾ ಘಮದ ಹೆಸರಾಂತ ತಂಬಾಕು. ಘಮ ನೋಡಿ ಹಗುರ ಅಂದುಕೊಂಡರೆ ಕೆಟ್ಟಿರಿ. ಅದರ ಎಲೆ ಗಟ್ಟಿಮುಟ್ಟು, ನಿಕೋಟಿನ್ ಜಾಸ್ತಿ. ಪರಿಮಳದ್ದೆಲ್ಲ ಹಗುರ ಅಲ್ಲ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸೋಪಿನ ವಾಸನೆ ಅಂತ ದೂರ ತಳ್ಳುವವರೂ ಇದ್ದಾರೆ, ಅದನ್ನು ಬಿಟ್ಟು ಬೇರೆ ಮುಟ್ಟದವರೂ ಇದ್ದಾರೆ.

ಲಟಾಕಿಯಾ ಚೂರು ಬೆರೆಸಿದ ಪರಿಮಳದ ತಂಬಾಕೂ ಬರುತ್ತದೆ. ಅದು ಸೌದೆ ಹೊಗೆಯಲ್ಲಿ ಒಣಗಿಸಿದ ಎಲೆ. ನನಗೆ ಇಷ್ಟ. ಮನೆಯವರಿಗೆ ಆಗುವುದಿಲ್ಲ. ಮುಂದೆ ಹೋಗೋಣ.

ಯಾರಿಗೆ ಯಾವುದು

ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ತಂಬಾಕು ನಿಮ್ಮ ನಾಲಿಗೆಗೋ, ಪಕ್ಕದವರ ಮೂಗಿಗೋ? ಪಕ್ಕದವರು ಮೂಗು ಮುರಿಯಬಾರದು ಅನ್ನುವುದೇ ಮುಖ್ಯ ಆದರೆ ವೆನಿಲ್ಲಾದ ಕಪ್ಪು ಕ್ಯಾವೆಂಡಿಶ್ ತೆಗೆದುಕೊಳ್ಳಿ, ಚೆನ್ನಾಗಿ ಒಣಗಿಸಿ ಸೇದಿ. ರುಚಿ ಬೇಕು, ಕೂರಲು ಒಂದು ಗಂಟೆ ಇದೆ, ನಿಧಾನ ಬರುತ್ತದೆ ಅಂದರೆ ವರ್ಜೀನಿಯಾ ಬುಡದ್ದು. ಹೊಸಬರು, ಪದೇಪದೇ ಕಡ್ಡಿ ಗೀರುವ ತಾಪತ್ರಯ ಬೇಡ ಅನ್ನುವವರು, ಕೆಲಸದ ನಡುವೆ ಸೇದುವವರು ಬರ್ಲಿಯಿಂದ ಶುರುಮಾಡಲಿ, ಪೈಪು ಸಣ್ಣದಿರಲಿ. ಎರಡು ಮನಸ್ಸು ಇದ್ದರೆ ಬರ್ಲಿಗೆ ಮೂರರಲ್ಲಿ ಒಂದು ಪಾಲು ಕಪ್ಪು ಕ್ಯಾವೆಂಡಿಶ್ ನೀವೇ ಬೆರೆಸಿ. ತೇವ ಹದಕ್ಕೆ ಬರುತ್ತದೆ, ಘಮ ಅರ್ಧಕ್ಕೆ ಇಳಿಯುತ್ತದೆ, ಬಾಯಿಗೆ ಏನಾದರೂ ಸಿಗುತ್ತದೆ. ತಯಾರಕರ ಹೆಸರಿಲ್ಲದ ಈ ಬೆರಕೆಯೇ ನನ್ನ ಡಬ್ಬಿಯಲ್ಲಿ ಹೆಚ್ಚು ದಿನ ಇರುವುದು.

ಒಂದು ಸಲ ಸೇದಿ ತೀರ್ಮಾನ ಮಾಡಬೇಡಿ. ಮೊದಲ ಸಲ ಹದ ತಪ್ಪಿರುತ್ತದೆ, ಎರಡನೆಯ ಸಲ ತುಂಬಿದ್ದು ಬಿಗಿಯಾಗಿರುತ್ತದೆ. ಒಂದೇ ಪೈಪಿನಲ್ಲಿ, ದಿನದ ಒಂದೇ ಹೊತ್ತಿನಲ್ಲಿ, ಮೂರು ಸಲ ಆದಮೇಲೆ ಮಾತಾಡಿ. ನಡುವೆ ನೀರು ಗುಟುಕರಿಸುತ್ತಿರಿ. ಮೇಲಿನ ಭಾಗ, ನಡುಭಾಗ, ಬುಡ, ಮೂರಕ್ಕೂ ಒಂದೊಂದು ಸಾಲು ಬರೆದಿಡಿ. ಬುಡದ ಸಾಲಿನಲ್ಲಿ "ಬಿಸಿ" ಅಂತ ಮಾತ್ರ ಇದ್ದರೆ ಆ ತಂಬಾಕು ನಿಮ್ಮದಲ್ಲ.

ಪರೀಕ್ಷೆಗೆ ಮೆಕ್ಕೆಜೋಳದ ದಿಂಡಿನ ಪೈಪೇ ವಾಸಿ. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಮಾಡುತ್ತಿದ್ದಾರೆ. ಅಗ್ಗ, ತೇವ ಹೀರುತ್ತದೆ, ಹಾಳಾದರೆ ದುಃಖವಿಲ್ಲ. ಬ್ರಯರ್ ಮರದ ಪೈಪು ಹಾಗಲ್ಲ. ಅದು ಸೇದಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಗಾಢ ಟಾಪಿಂಗ್ ಒಮ್ಮೆ ಮರಕ್ಕೆ ಇಳಿದರೆ ಆಮೇಲೆ ಯಾವ ತಂಬಾಕು ತುಂಬಿದರೂ ಅದರ ದೆವ್ವ ಕಾಡುತ್ತದೆ.

ಕತ್ತರಿಸಿದ ಬಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಳೆ ಎಳೆಯಾಗಿ ಬರುವುದು ತುಂಬಲು ಸುಲಭ. ಹಲಗೆಯ ಹಾಗೆ ಒತ್ತಿ ಹೋಳು ಮಾಡಿದ ಫ್ಲೇಕ್ ನಿಧಾನಕ್ಕೆ, ತಣ್ಣಗೆ ಉರಿಯುತ್ತದೆ, ಆದರೆ ಅಂಗೈಯಲ್ಲಿ ಉಜ್ಜಿ ಬಿಡಿಸಬೇಕು. ಹಗುರ ಪರಿಮಳದ ತಂಬಾಕು ಬಹುಪಾಲು ಎಳೆಯಾಗಿಯೇ ಸಿಗುತ್ತದೆ.

ಕೂಡಿಡುವ ವಿಚಾರದಲ್ಲೂ ಇವು ಒಂದೇ ಅಲ್ಲ. ವರ್ಜೀನಿಯಾ ಗಾಳಿಯಾಡದ ಗಾಜಿನ ಭರಣಿಯಲ್ಲಿ ವರ್ಷಗಟ್ಟಲೆ ಕೂತರೆ ಇನ್ನಷ್ಟು ಮಾಗುತ್ತದೆ. ಟಾಪಿಂಗ್ ಜಾಸ್ತಿ ಇರುವ ತಂಬಾಕು ಮಾಗುವುದಿಲ್ಲ, ಸುಮ್ನೆ ಘಮ ಕಳೆದುಕೊಳ್ಳುತ್ತದೆ. ಆರು ತಿಂಗಳಿಗೆ ಬೇಕಾದಷ್ಟೇ ತನ್ನಿ. ತೇವಕ್ಕೆ ಅಂತ ಸೇಬಿನ ಹೋಳು, ಆಲೂಗಡ್ಡೆ ಹೋಳು ಹಾಕುವ ಹಳೆಯ ಉಪಾಯ ಬೇಡ, ಬೂಷ್ಟು ಹಿಡಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಭರಣಿ ಎತ್ತರದಲ್ಲಿರಲಿ, ಮುಚ್ಚಳ ಬಿಗಿಯಾಗಿರಲಿ. ಚಾಕೊಲೇಟಿನ ಹಾಗೆ ಘಮಿಸುವ ಎಲೆ ಬಾಯಿಗೆ ಹೋದರೆ ನಿಕೋಟಿನ್ ವಿಷವೇ.

ಅಂದ ಹಾಗೆ, ಆ ಚೆರ್ರಿ ಕುಡಿದ ಬ್ರಯರ್ ಪೈಪು ಇನ್ನೂ ನನ್ನ ಹತ್ತಿರವಿದೆ. ಉಪ್ಪು ತುಂಬಿ, ಸ್ಪಿರಿಟ್ ಹಾಕಿ, ರಾತ್ರಿಯೆಲ್ಲ ಇಟ್ಟು ಎರಡು ಸಲ ತೊಳೆದೆ. ಈಗ ಅದರಲ್ಲಿ ಬರ್ಲಿ ಸೇದಿದರೆ ಮೊದಲ ನಾಲ್ಕು ದಮ್ಮು ಬರ್ಲಿಯೇ. ಐದನೆಯದರಲ್ಲಿ, ಪೈಪು ಬೆಚ್ಚಗಾಗುತ್ತಿದ್ದ ಹಾಗೆ, ಮೂಲೆಯಲ್ಲೆಲ್ಲೋ ಆ ಚೆರ್ರಿ ಮೆಲ್ಲಗೆ ತಲೆ ಎತ್ತುತ್ತದೆ.